ಮರಿ ಕಾಯುವ ಮೀನು

ಸುಂಕಲಮ್ಮ ಅಣ್ಣನ ಬಲಗಾಲಿನ ಹೆಬ್ಬೆರಳಿಗೆ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು. ಬೆರಳ ಬುಡದಲ್ಲಿ ಉಂಗುರದಂತೆ ಒಂದು ಗೆರೆ ಬಿದ್ದಿತ್ತು. ಬಲೆಯ ಕಣ್ಣನ್ನು ಆ ಬೆರಳಿಗೆ ಸಿಕ್ಕಿಸಿ, ಎಳೆದು ಹಿಡಿದು, ಬಿದಿರಿನ ಸೂಜಿಯಿಂದ ಹೆಣೆದೂ ಹೆಣೆದೂ ಬಿದ್ದ ಗೆರೆ. ತಿಕ್ಕಿದರೆ ಹೋಗುವಂಥದ್ದಲ್ಲ ಎಂದು ಅವಳಿಗೂ ಗೊತ್ತು. ಆದರೆ ಕೈ ನಿಲ್ಲಿಸಿದರೆ ತಲೆಯೆತ್ತಬೇಕು, ತಲೆಯೆತ್ತಿದರೆ ಅತ್ತಿಗೆಯ ಮುಖ ನೋಡಬೇಕು.

"ಸಾಕು ಬಿಡು ಸುಂಕ್ಲಮ್ಮ, ಚರ್ಮ ಸುಲಿದು ಬರ್ತೈತೆ," ಎಂದಳು ಹೊನ್ನೂರಮ್ಮ. ರಾತ್ರಿಯಿಂದ ಗಂಡನ ತಲೆಯ ಹತ್ತಿರ ಕೂತು ಅತ್ತೂ ಅತ್ತೂ ಅವಳ ದನಿ ಒಡೆದಿತ್ತು. "ಇದ್ದಾಗ ಆತನ ಕಾಲು ಯಾರೂ ನೋಡ್ಲಿಲ್ಲ. ಈಗ ತೊಳೆದು ಏನಾಗ್ಬೇಕೈತೆ?"

ಮಾತು ಕೂತವರೆಲ್ಲರಿಗೂ ಸೇರಿಸಿ ಆಡಿದ್ದು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸುಂಕಲಮ್ಮ ಸೆರಗು ಎಳೆದು ಮುಖ ಮರೆ ಮಾಡಿಕೊಂಡಳು.

ಸೂಳೆಕೆರೆಯ ಏರಿಯ ಕೆಳಗಿದ್ದ ಬೆಸ್ತರ ಕೇರಿ ಅಂದು ನೀರಿಗಿಳಿದಿರಲಿಲ್ಲ. ಸತ್ತ ತಿಪ್ಪೇಶಪ್ಪನ ಒಬ್ಬಳೇ ಮಗಳು ದುರುಗಮ್ಮನನ್ನು ಜಗಳೂರಿನ ಕಡೆ ಕೊಟ್ಟಿತ್ತು. ಮೊದಲ ಬಸ್ಸಿಗೇ ಆಳು ಹೋಗಿದ್ದ. ಅವಳು ಬಂದು ಮುಖ ನೋಡಿದ ಕೂಡಲೇ ಹೆಣ ಎತ್ತುವುದೆಂದು ಮಾತಾಗಿತ್ತು. ಚಟ್ಟ ಸಿದ್ಧವಾಗಿತ್ತು, ಹೂವೂ ಬಂದಿತ್ತು. ಇಲ್ಲದಿದ್ದದ್ದು ಒಂದೇ. ಆ ಕೇರಿಯಲ್ಲಿ ಗಂಡಸು ಸತ್ತರೆ ಅವನ ಬೀಸುಬಲೆಯನ್ನು ಕೆರೆಯಲ್ಲಿ ಅದ್ದಿ ತಂದು ಎದೆಯ ಮೇಲೆ ಹೊದಿಸಿ ಮಣ್ಣು ಮಾಡುತ್ತಾರೆ. ಗಂಗಮ್ಮನ ಎದುರಿಗೆ ಬರಿಮೈಯಲ್ಲಿ ಹೋಗಬಾರದಂತೆ. ಕೇರಿಯ ಬಲೆಗಳನ್ನೆಲ್ಲ ಹೆಣೆದು ಕೊಟ್ಟ ತಿಪ್ಪೇಶಪ್ಪನಿಗೆ ತನ್ನದೆಂಬ ಬಲೆ ಇರಲಿಲ್ಲ.

ಅಂಗಳದಲ್ಲಿ ಮುದುಕ ಚಿಕ್ಕಹನುಮಂತಪ್ಪ ಸುಂಕಲಮ್ಮನ ಮಗ ರೇವಣ್ಣನನ್ನು ಪಕ್ಕಕ್ಕೆ ಕರೆದ. ಅಪ್ಪ ತೀರಿಕೊಂಡ ಮೇಲೆ ಕೇರಿಯ ಯಜಮಾನಿಕೆ ರೇವಣ್ಣನ ತಲೆಗೆ ಬಂದಿತ್ತು. ಮೀನುಗಾರರ ಸೊಸೈಟಿಗೂ ಅವನೇ ಕಾರ್ಯದರ್ಶಿ.

"ಒಂದ್ ಮಾತು ಕಣಪ್ಪ. ನನ್ನ ಬಲೆ ಕೊಡ್ತೀನಿ, ಎದೆ ಮೇಲೆ ಹಾಕಾನ. ಆಗಿದ್ದು ಆಗೋತು. ನಿನ್ನ ಸೋದರಮಾವ ಅಲ್ವಾ?"

"ಸೋದರಮಾವ ಅಂತಲೇ ಆಗಾಕಿಲ್ಲ ತಾತ. ಹೋದ್ ತಿಂಗಳು ಆ ಇಬ್ರು ಹುಡುಗ್ರು ಮರಿ ಕಾಯೋ ಕೊರವಕ್ಕೆ ಬಲೆ ಬೀಸಿದ್ರು ಅಂತ ಅವ್ರ ಬಲೆ ಕಿತ್ಕೊಂಡೆ. ಇವತ್ತು ನಮ್ಮ ಮಾವಂಗೆ ಹಾಕಿದ್ರೆ ನಾಳೆ ಅವ್ರು ನನ್ನ ಮಕಕ್ಕೆ ಉಗೀತಾರೆ." ರೇವಣ್ಣನ ದನಿ ಮೆತ್ತಗಿತ್ತು, ಆದರೆ ಅಲುಗುವಂತಿರಲಿಲ್ಲ. "ನಮ್ಮಜ್ಜ ಹಾಕಿದ ಕಟ್ಟು. ಬ್ಯಾರೆಯೋರು ಮುರಿದ್ರೂ ನಾನು ಮುರಿಯಾಕಾಗಲ್ಲ."

ಒಳಗಿದ್ದ ಸುಂಕಲಮ್ಮನಿಗೆ ಎಲ್ಲ ಕೇಳಿಸಿತು.

ಕಟ್ಟು ಇಷ್ಟೇ. ಕೊರವ ಬೇರೆ ಮೀನಿನ ಹಾಗೆ ಮೊಟ್ಟೆಯಿಟ್ಟು ಮೈ ಕೊಡವಿಕೊಂಡು ಹೋಗುವುದಿಲ್ಲ. ಮಳೆ ಹಿಡಿದ ಮೇಲೆ ದಂಡೆಯ ಜೊಂಡು ಸರಿಸಿ ಜಾಗ ಮಾಡಿ, ತೇಲುವ ಮೊಟ್ಟೆಗಳನ್ನು ಕಾಯುತ್ತದೆ. ಮೊಟ್ಟೆಯೊಡೆದ ಮೇಲೆ ಮರಿಗಳನ್ನೂ ಕಾಯುತ್ತದೆ. ಮರಿಗಳು ಕೆಂಪಗೆ, ಒಂದು ಮೊರದಗಲ ಗುಂಪು ಕಟ್ಟಿಕೊಂಡು ಉಸಿರಿಗೆಂದು ಮೇಲೆ ಬರುತ್ತವೆ, ಇಳಿಯುತ್ತವೆ. ಕೆಳಗೆ ದೊಡ್ಡದು ನಿಂತಿರುತ್ತದೆ. ಕಪ್ಪೆ ಹತ್ತಿರ ಬಂದರೂ ಮೇಲೆ ಬಿದ್ದು ಓಡಿಸುತ್ತದೆ. ಮೀನಿನ ಮರಿಗೆ ಈಜು ಕಲಿಸಬೇಕೆ ಎಂದು ಗಾದೆ ಕಟ್ಟಿದ ಪುಣ್ಯಾತ್ಮರು ಕೊರವವನ್ನು ಕಂಡಿರಲಿಕ್ಕಿಲ್ಲ. ಕೆಂಪು ಕಂಡಲ್ಲಿ ಬಲೆ ಬೀಸಿದರೆ ಕೊರವ ಸಿಕ್ಕೇ ಸಿಗುತ್ತದೆ, ಮರಿ ಬಿಟ್ಟು ಓಡುವುದಿಲ್ಲ. ಅದಕ್ಕೇ ಅದನ್ನು ಹಿಡಿಯಬಾರದು. ಹಿಡಿದವನ ಬಲೆ ಹೋಗುತ್ತದೆ, ಸತ್ತಾಗಲೂ ಅವನಿಗೆ ಬಲೆಯಿಲ್ಲ.

*

ಬಹಳ ವರ್ಷಗಳ ಹಿಂದಿನ ಮಾತು. ಆಗ ಹೊನ್ನೂರಮ್ಮ ಇನ್ನೂ ಈ ಕೇರಿಗೆ ಸೊಸೆಯಾಗಿ ಬಂದಿರಲಿಲ್ಲ. ಸುಂಕಲಮ್ಮ ಯಜಮಾನ ಉಚ್ಚಂಗೆಪ್ಪನ ಸೊಸೆ, ಚೊಚ್ಚಲ ಬಾಣಂತಿ. ತವರಿನಲ್ಲಿ ಅಣ್ಣನೊಬ್ಬನನ್ನು ಬಿಟ್ಟರೆ ಯಾರೂ ಇಲ್ಲದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಆಗಿತ್ತು. ಮಗು ಹುಟ್ಟಿತು, ಎದೆಗೆ ಹಾಲು ಮಾತ್ರ ಇಳಿಯಲಿಲ್ಲ. ಬೆಳ್ಳುಳ್ಳಿ ತಿನ್ನಿಸಿದರು, ಸಬ್ಬಸಿಗೆ ತಿನ್ನಿಸಿದರು, ಏಡಿ ಕುಟ್ಟಿ ಸಾರು ಮಾಡಿ ಕುಡಿಸಿದರು. ಅತ್ತೆ ಬಾಗಿಲಲ್ಲಿ ನಿಂತು, "ಗೊಡ್ಡೆಮ್ಮೆ ಕಟ್ಕೊಂಡಂಗಾತು," ಎಂದಳು. ಮಗುವಿನ ಅಳು ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. "ಕೊರವದ ಸಾರು ಕೊಟ್ರೆ ಇಳೀತಿತ್ತು. ಮರಿ ಕಾಯೋ ಈ ಕಾಲದಾಗೆ ಎಲ್ಲಿ ತರ್ತೀರಿ," ಎಂದು ಸೂಲಗಿತ್ತಿ ಹೇಳಿಹೋದಳು.

ಅಣ್ಣ ಮಗು ನೋಡಲು ಬಂದಾಗ ಸುಂಕಲಮ್ಮನೇ ಬಾಯಿಬಿಟ್ಟಳು. ಯಾರೂ ಹೇಳಿಕೊಟ್ಟದ್ದಲ್ಲ.

"ಅಣ್ಣಾ, ತೂಬಿನ ಹತ್ರ ಕೆಂಪು ಕಾಣಿಸ್ತೈತಂತೆ. ನೀರು ತರಾಕೆ ಹೋದೋರು ಮಾತಾಡ್ಕೊಂತಿದ್ರು."

ತಿಪ್ಪೇಶಪ್ಪ ಬೆಚ್ಚಿ ಬಾಗಿಲ ಕಡೆ ನೋಡಿದ. "ಅದು ಮರಿ ಕಾಯ್ತಿರೋದು ಕಣೇ."

"ಇದೂ ಮರಿನೇ ಅಲ್ವೇನಣ್ಣ?"

ಅವನು ಮಗುವಿನ ಮುಖ ನೋಡಿ ಎದ್ದು ಹೋದ. ಮರುದಿನ ಮಧ್ಯಾಹ್ನ ತಾನೇ ಬೇಯಿಸಿ, ಹಿತ್ತಾಳೆ ತಂಬಿಗೆಯಲ್ಲಿ ಸಾರು ತಂದ. ಏಡಿ ಸಾರು ಎಂದು ಅತ್ತೆಗೆ ಹೇಳಿದ. ಸಂಜೆ ಉಳಿದದ್ದನ್ನೂ ತಂದು ಕೊಟ್ಟು ಹೊರಗೆ ಕಾಲಿಡುವ ಹೊತ್ತಿಗೆ ಅದೇ ಮನೆಯ ಜಗಲಿಯ ಮೇಲೆ ಪಂಚಾಯ್ತಿ ಕೂತಿತ್ತು. ಬೆಳಗಿನ ಜಾವ ಅವನು ಬಲೆ ಹೊತ್ತು ತೂಬಿನ ಕಡೆಯಿಂದ ಬಂದದ್ದನ್ನು ಯಾರೋ ಕಂಡಿದ್ದರು. ಹೋಗಿ ನೋಡಿದರೆ ಮರಿಗಳು ದಿಕ್ಕುಗೆಟ್ಟು ಚದುರಿದ್ದವು, ಬೇರೆ ಮೀನುಗಳು ಅವನ್ನು ಒಂದೊಂದಾಗಿ ನುಂಗುತ್ತಿದ್ದವು.

ಬಾಣಂತಿ ಕೋಣೆಗೂ ಜಗಲಿಗೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ.

"ಯಾರಿಗೋಸ್ಕರ ಹಿಡಿದೆ?" ಮಾವ ಉಚ್ಚಂಗೆಪ್ಪನ ದನಿ.

"ನನಗೇ. ಬಾಯಿ ಚಪಲ."

"ಒಬ್ನೇ ತಿಂದ್ಯಾ?"

"ಒಬ್ನೇ ತಿಂದೆ."

ಯಾರೋ ಥೂ ಎಂದರು. ಮಾವ ಅವನ ಬಲೆ ತರಿಸಿ ಗಂಗಮ್ಮನ ಕಲ್ಲಿನ ಮುಂದೆ ಸುಡಲು ಹೇಳಿದ. ಸುಂಕಲಮ್ಮನ ತೊಡೆಯ ಮೇಲೆ ಬಟ್ಟಲಿತ್ತು, ಬಟ್ಟಲಲ್ಲಿ ಬಿಸಿ ಸಾರು, ಒಂದು ತುಂಡು. ಎದ್ದು ಹೊಸ್ತಿಲು ದಾಟಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಿದರೆ ಮಗುವಿನ ಸಮೇತ ಬೀದಿಗೆ ತಳ್ಳುತ್ತಾರೆ ಎಂದುಕೊಂಡಳು. ತಳ್ಳುತ್ತಿದ್ದರೋ ಇಲ್ಲವೋ, ಯಾರು ಕಂಡರು! ಅವಳು ಏಳಲಿಲ್ಲ. ಸಾರು ಆರಿಹೋದೀತೆಂದು ಬಟ್ಟಲೆತ್ತಿ ಕುಡಿದಳು. ಮೆಣಸು ಬೆಳ್ಳುಳ್ಳಿ ಹಾಕಿದ ಸಾರು, ಮುಳ್ಳು ಕಡಿಮೆಯ ದಪ್ಪ ಮಾಂಸ, ಬಹಳ ರುಚಿಯಾಗಿತ್ತು. ಆ ರುಚಿಯನ್ನು ನೆನೆದಾಗಲೆಲ್ಲ ಅವಳಿಗೆ ಇವತ್ತಿಗೂ ಮೈ ಕುಗ್ಗುತ್ತದೆ. ಅಣ್ಣನ ಮಾನ ಹರಾಜಾಗುತ್ತಿದ್ದಾಗ ಅವಳು ಬೆರಳು ನೆಕ್ಕಿದ್ದಳು.

ಮೀನಿನಿಂದ ಬಂತೋ ಹೆದರಿಕೆಯಿಂದ ಬಂತೋ, ಮರುದಿನ ಹಾಲು ಇಳಿಯಿತು. ಮಗು ಗಟಗಟ ಕುಡಿದು, ಕಟಬಾಯಿಯಲ್ಲಿ ಹಾಲು ಸುರಿಸಿಕೊಂಡು ನಿದ್ದೆ ಹೋಯಿತು. ಯಾರಾದರೂ ಕಂಡಾರೆಂಬಂತೆ ಅವಳು ಸೆರಗಿನಿಂದ ಬೇಗ ಬೇಗ ಅದರ ಬಾಯಿ ಒರೆಸಿದ್ದಳು.

*

ಬಸ್ಸು ತಡವಾಯಿತು. ಹೆಂಗಸರು ಗೋಡೆಗೊರಗಿ ಹಳೆಯದನ್ನೆಲ್ಲ ಕೆದಕತೊಡಗಿದರು. ಅತ್ತು ದಣಿದ ಮೇಲೆ ಸಾವಿನ ಮನೆಯಲ್ಲಿ ಮಾಡುವುದು ಇನ್ನೇನು?

"ಕೈ ಮಾತ್ರ ಬಂಗಾರ ಆತಂದು. ನೈಲಾನ್ ಬಲೆ ಬಂದಾಗ ಅದ್ರ ಗಂಟು ಜಾರ್ತೈತೆ ಅಂತ ಎಲ್ರೂ ಬಿಟ್ರು. ಆತ ಬಿಡ್ಲಿಲ್ಲ," ಎಂದಳು ಪಕ್ಕದ ಮನೆಯ ಅಂತರಘಟ್ಟಮ್ಮ.

"ಕೈಗೆ ಬಂಗಾರ, ಬಾಯಿಗೆ ಮಣ್ಣು," ಎಂದಳು ಹೊನ್ನೂರಮ್ಮ. "ಜೀವಮಾನ ಎಲ್ಲಾ ಕಾಲುವೆ ಬದೀಲಿ ಏಡಿ ಹಿಡಿದ. ಊರೋರ ಬಲೆ ಹೊಲಿದ. ನಾನು ಮದ್ವೆಯಾಗಿ ಬಂದ ವಾರಕ್ಕೇ ನೀರಿನ ಹತ್ರ ನನ್ನ 'ಮರಿಗೇಡಿ ಹೆಂಡ್ತಿ', ಮರಿ ಕೆಡಿಸಿದೋನ ಹೆಂಡ್ತಿ ಅಂದ್ರು. ಮನೆಗೆ ಬಂದು ಕೇಳಿದ್ರೆ, ಹೂಂ ಕಣೇ, ಬಾಯಿ ಚಪಲ ಅಂದ. ಎಷ್ಟ್ ಸಲ ಅಂದಿದೀನಿ, ಒಂದ್ ತುಂಡು ಮೀನಿಗೆ ವಂಶದ ಮಾನ ಮಾರ್ಕೊಂಡ್ಯಲ್ಲೋ ಹೊಟ್ಟೆಬಾಕ ಅಂತ. ಉಣ್ಣಾಕೆ ಕುಂತಾಗ್ಲೂ ಅಂದಿದೀನಿ. ತಲೆ ತಗ್ಗಿಸ್ಕೊಂಡು ಉಣ್ತಿದ್ದ."

ಸುಂಕಲಮ್ಮನಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಮಾವ ಸತ್ತಾಗ ಹೇಳಬಹುದಿತ್ತು. ಅತ್ತೆ ಸತ್ತಾಗ, ಗಂಡ ಸತ್ತಾಗ ಹೇಳಬಹುದಿತ್ತು. ಪ್ರತಿ ಸಲವೂ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಇನ್ನಷ್ಟು ದೊಡ್ಡದಾಗಿ ನಿಂತಿತ್ತು. ಒಂದು ದಿನ, ರೇವಣ್ಣ ಇನ್ನೂ ಚಡ್ಡಿ ಹಾಕುವ ವಯಸ್ಸು, ಏಡಿ ಕೊಡಲು ಬಂದ ತಿಪ್ಪೇಶಪ್ಪನನ್ನು ಕಂಡು, "ಅಮ್ಮಾ, ಮರಿಗೇಡಿ ಮಾವ ಬಂದ," ಎಂದು ಕೂಗಿದ್ದ. ಬೀದಿಯಲ್ಲಿ ಕಲಿತ ಮಾತು. ಅವಳು ಮಗನ ಬಾಯಿಗೆ ಹೊಡೆಯಲಿಲ್ಲ, ಅಡಿಗೆಮನೆಯಿಂದ ಹೊರಗೂ ಬರಲಿಲ್ಲ. ಅಣ್ಣನೇ ನಗುತ್ತಾ, "ಹೂಂನಪ್ಪಾ, ಬಂದೆ," ಎಂದು ಏಡಿಯ ಬುಟ್ಟಿ ಇಳಿಸಿದ್ದ.

*

ದುರುಗಮ್ಮ ಏರಿಯ ಮೇಲಿಂದಲೇ ಚೀರುತ್ತಾ ಬಂದಳು. ಅಪ್ಪನ ಮೇಲೆ ಬಿದ್ದು ಹೊರಳಿ, ಅತ್ತು, ಕೊನೆಗೆ ಎದ್ದು ಕೂತವಳು ಅವನ ಎದೆ ಸವರಿ ಸುತ್ತ ನೋಡಿದಳು.

"ಬಲೆ ಎಲ್ಲಿ?"

ಗಂಡಸರು ಆಗಲೇ ಚಟ್ಟ ತಂದು ಬಾಗಿಲಲ್ಲಿ ಇಳಿಸಿದ್ದರು.

"ನಮ್ಮಪ್ಪ ಬರಿಮೈಯಾಗೆ ಹೋಗ್ಬೇಕಾ? ಎಲ್ರ ಬಲೆನೂ ಅವನೇ ಹೆಣೆದಿದ್ದಲ್ರೋ!" ದುರುಗಮ್ಮ ರೇವಣ್ಣನ ಕಡೆ ತಿರುಗಿದಳು. "ಭಾವಾ, ನೀನಾದ್ರೂ ಹೇಳು."

"ದುರುಗೀ, ಇದು ನನ್ನ ಕೈಲಿಲ್ಲ," ಎಂದ ರೇವಣ್ಣ. "ಮಾವ ತಿಂದಿದ್ದನ್ನ ಮಾವನೇ ಒಪ್ಕೊಂಡಿದ್ದ. ಬಾಯಿ ಚಪಲಕ್ಕೆ ಮರಿ ಕೊಂದೋನಿಗೆ ಬಲೆ ಇಲ್ಲ. ಎತ್ರಿ."

ನಾಲ್ವರು ಬಗ್ಗಿದರು.

"ನಿಲ್ರೋ!"

ಅದು ತನ್ನದೇ ದನಿ ಎಂದು ಸುಂಕಲಮ್ಮನಿಗೆ ತಿಳಿದದ್ದು ಎಲ್ಲರೂ ತನ್ನ ಕಡೆ ತಿರುಗಿದ ಮೇಲೆ. ಅವಳು ಅಣ್ಣನ ಕಾಲ ಹತ್ತಿರ ಕೂತೇ ಇದ್ದಳು.

"ಆತ ತಿನ್ಲಿಲ್ಲ. ನಾನು ತಿಂದೆ."

"ಏನಮ್ಮಾ ಅದು?" ಎಂದ ರೇವಣ್ಣ.

"ಕೊರವ. ನಾನು ತಿಂದೆ ಕಣೋ. ನೀನು ಹುಟ್ಟಿದ ವಾರ. ನನಗೆ ಹಾಲಿರ್ಲಿಲ್ಲ, ನೀನು ಸಾಯ್ತಿದ್ದೆ. ತೂಬಿನ ಹತ್ರ ಐತೆ, ಹಿಡ್ಕಂಡ್ ಬಾ ಅಂತ ನಾನೇ ಅಂದೆ. ಆತ ಬ್ಯಾಡ ಅಂದ. ನಾನೇ..." ಅವಳು ಅಣ್ಣನ ಕಾಲು ಹಿಡಿದುಕೊಂಡಳು. "ನಿಮ್ಮಜ್ಜ ಜಗಲಿ ಮೇಲೆ ಆತನ್ನ ನಿಲ್ಸಿ ಕೇಳ್ತಿದ್ದಾಗ ನಾನು ಒಳಗೆ ಕುಂತು ಉಣ್ತಿದ್ದೆ. ಎಲ್ಲಾ ಕೇಳಿಸ್ತಿತ್ತು. ಎದ್ದು ಬರ್ಲಿಲ್ಲ."

ಚಿಕ್ಕಹನುಮಂತಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ. ಅಂದು ಥೂ ಎಂದವನು ಅವನೇ ಇದ್ದರೂ ಇರಬಹುದು.

ಹೊನ್ನೂರಮ್ಮ ಒಂದೇ ಮಾತು ಕೇಳಿದಳು. "ಒಂದ್ ತುಂಡೂ ತಿಂದಿರ್ಲಿಲ್ವಾ?"

"ಇಲ್ಲ ಅತ್ತಿಗೆ."

"ಸಾರು?"

"ಎಲ್ಲಾ ನನಗೇ ತಂದು ಹಾಕಿದ."

ಹೊನ್ನೂರಮ್ಮ ಗಂಡನ ಮುಖವನ್ನು ನೋಡಿದಳು. ಅವನ ತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. "ಹೊಟ್ಟೆಬಾಕ ಅಂದೆನಲ್ಲೋ ನಿನ್ನ," ಎಂದಳು. ಆಮೇಲೆ ಸುಂಕಲಮ್ಮನ ಕಡೆಗೆ ಬೆನ್ನು ತಿರುಗಿಸಿ ಕೂತಳು. ಬೈದಿದ್ದರೆ ಸುಂಕಲಮ್ಮ ತಡೆದುಕೊಳ್ಳುತ್ತಿದ್ದಳು. ಕೂದಲು ಹಿಡಿದು ಎಳೆದಿದ್ದರೂ ತಡೆದುಕೊಳ್ಳುತ್ತಿದ್ದಳು.

"ತಗೋ, ನನ್ನ ಬಲೆ," ಎಂದು ಚಿಕ್ಕಹನುಮಂತಪ್ಪ ಏಳಹೋದ.

"ನಿಮ್ಮದು ಬ್ಯಾಡ ಮಾವಯ್ಯ," ಎಂದಳು ಹೊನ್ನೂರಮ್ಮ. "ಯಜಮಾನರ ಮನೆ ಬಲೆ ಬರ್ಲಿ. ಹಾಲು ಕುಡಿದೋನೇ ತಂದು ಹಾಕ್ಲಿ."

ರೇವಣ್ಣ ತಾಯಿಯ ಕಡೆ ನೋಡಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಮನೆಯ ಕಡೆ ನಡೆದ. ಅಲ್ಲಿಂದ ಕೆರೆಯ ಕಡೆ ಹೋದದ್ದು ಬಾಗಿಲಿನಿಂದ ಕಾಣಿಸಿತು. ಅಷ್ಟರಲ್ಲಿ ಆ ನಾಲ್ವರು ಹೆಣವನ್ನು ಚಟ್ಟದ ಮೇಲೆ ಮಲಗಿಸಿದರು. ಅವನು ತಿರುಗಿ ಬಂದಾಗ ಹೆಗಲ ಮೇಲೆ ಅಜ್ಜನ ಕಾಲದ ಬೀಸುಬಲೆ ಇತ್ತು, ನೀರು ಸೋರಿ ಅಂಗಿ ಮೈಗೆ ಅಂಟಿತ್ತು. ಹರಿದಾಗಲೆಲ್ಲ ತಿಪ್ಪೇಶಪ್ಪನೇ ಹೊಲಿದು ಹೊಲಿದು, ಈಗ ಹಳೆಯ ದಾರಕ್ಕಿಂತ ಅವನ ಗಂಟುಗಳೇ ಹೆಚ್ಚಾಗಿದ್ದ ಬಲೆ.

ಬಗ್ಗಿ ಮಾವನ ಎದೆಯ ಮೇಲೆ ಹರಡಿದ. ಅಂಚಿನ ಸೀಸದ ಗುಂಡುಗಳು ಚಟ್ಟದ ಬಿದಿರಿಗೆ ಬಡಿದು ಸದ್ದು ಮಾಡಿದವು. ಬಲೆಯ ಒಂದು ಕಣ್ಣು ರೇವಣ್ಣನ ಬೆರಳಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು. ಆಮೇಲೆ ಎದ್ದು ನಿಂತ. ಅಷ್ಟು ಜನ ನೋಡುತ್ತಿರುವಂತೆಯೇ, ಏನೋ ಹತ್ತಿಕೊಂಡಿದೆಯೆಂಬಂತೆ, ಒದ್ದೆ ಅಂಗೈಯಿಂದ ಬಾಯಿ ಒರೆಸಿಕೊಂಡ. ಮತ್ತೊಂದು ಸಲ ಒರೆಸಿಕೊಂಡ.