ಬರಿಗಲ್ಲಿನ ಮೀನು

ಬಂಡೆಯಡಿಯ ಕಲ್ಲಾಸರೆಯೊಳಗೆ ಕಾಲಿಡುವ ಮುನ್ನ ನನ್ನ ಅಮ್ಮ ಡಲ್ಸಿ ನಿಂತು, ಅಲ್ಲಿರುವ ಪೂರ್ವಜರಿಗೆ ಕೂಗಿ ಹೇಳಿದಳು: "ಅಜ್ಜಂದಿರಾ, ನಾವೇ ಕಣ್ರಪ್ಪ! ಮಕ್ಕಳನ್ನ ಕರ್ಕೊಂಡ್ ಬಂದಿದೀನಿ." ಆಮೇಲೆಯೇ ನಾನೂ ಕೆರೀನಾಳೂ ಕ್ಯಾಮೆರಾ ಹೊತ್ತು ಒಳಗೆ ಹೋದೆವು. ಕೆರೀನಾ ನನ್ನ ಸೋದರಮಾವನ ಮಗಳು. ಇಬ್ಬರೂ ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನಲ್ಲಿ ನಮ್ಮ ನೆಲ ಕಾಯುವ ರೇಂಜರುಗಳು. ಮಳೆ ನಿಂತ ಮೇಲೆ, ಹಿರಿಯರು ಚಿತ್ರ ಬರೆದ ಗೋಡೆಗಳ ಫೋಟೊ ತೆಗೆದಿಡುವುದು ನಮ್ಮ ಕೆಲಸ.

ಕೆರೀನಾ ಕ್ಯಾಮೆರಾವನ್ನು 'ರಾ' ಎಂಬ ದೊಡ್ಡ ಕಡತಕ್ಕೆ ಬದಲಾಯಿಸಿದ್ದೇ ತಡ, ಜಗಳ ಶುರುವಾಯಿತು.

"ಜೆಪೆಗ್‌ನಲ್ಲೇ ಇಡು ಮಾರಾಯ್ತಿ," ಎಂದೆ. "ಎರಡು ಗೋಡೆಗೇ ಕಾರ್ಡ್ ತುಂಬಿಹೋಗುತ್ತೆ. ನೋಡೋಕೆ ಎರಡೂ ಒಂದೇ."

"ನಿನ್ನ ಕಣ್ಣಿಗೆ ಎಲ್ಲಾ ಒಂದೇನೇ. ಮೊನ್ನೆ ಎಮು ಹಕ್ಕಿ ಅಂತ ಮರದ ಬುಡಕ್ಕೆ ಗುರಿ ಇಟ್ಟೋನು ನೀನೇ ತಾನೆ?" ಎಂದು ನಕ್ಕಳು. "ಜೆಪೆಗ್‌ನಲ್ಲಿ, ಇದು ಬೇಡ ಅಂತ ಕ್ಯಾಮೆರಾನೇ ತೀರ್ಮಾನ ಮಾಡಿ ಬಿಸಾಕುತ್ತೆ. ರಾ ಆದ್ರೆ ಬಿದ್ದ ಬೆಳಕೆಲ್ಲಾ ಹಾಗೇ ಇರುತ್ತೆ. ನಮ್ಮ ಗೋಡೇಲಿ ಯಾವುದು ಬೇಡ ಅಂತ ಅದಕ್ಕೇನ್ ಗೊತ್ತು?"

ಅಮ್ಮ ಕೆಂಡದಲ್ಲಿ ಸುಟ್ಟ ರೊಟ್ಟಿ ಮುರಿಯುತ್ತ ಎಡಗಡೆಯ ಗೋಡೆ ತೋರಿಸಿದಳು. "ಅಲ್ಲೊಂದು ಬ್ಯಾರಮಂಡಿ ಮೀನಿತ್ತು. ನಮ್ಮಪ್ಪ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸಿದ್ರು. ಮಳೆ ನೀರು ಇಳಿದೂ ಇಳಿದೂ ಅಳಿಸಿಹೋಯ್ತು."

ಕಣ್ಣು ಕಿರಿದು ಮಾಡಿ ನೋಡಿದೆ. ಬರಿಗಲ್ಲು. ಹೋದ ವರ್ಷ ಅದರ ಫೋಟೊವನ್ನು ಜೆಪೆಗ್‌ನಲ್ಲಿ ತೆಗೆದವನೂ ನಾನೇ.

ಮಧ್ಯಾಹ್ನ ಬಂಡೆಯ ನೆರಳಲ್ಲಿ ಕೂತು ಕೆರೀನಾ ಲ್ಯಾಪ್‌ಟಾಪಿನಲ್ಲಿ ಮೊದಲು ನನ್ನ ಆ ಫೋಟೊ ತೆರೆದಳು. ಕೆಂಪು ಬಣ್ಣವನ್ನು ಏರಿಸಿದಷ್ಟೂ ಚೌಕ ಚೌಕ ಕಲೆಗಳೆದ್ದವು, ಅಷ್ಟೇ. ಆಮೇಲೆ ಬೆಳಗ್ಗೆ ತೆಗೆದ ರಾ ಫೋಟೊ ತೆರೆದು ಕೆಂಪನ್ನು ಮೆಲ್ಲಗೆ ಏರಿಸಿದಳು. ಗೆರೆಯೊಂದು ಮೂಡಿತು. ಇನ್ನಷ್ಟು ಏರಿಸಿದಳು. ಬಾಲ ಬಂತು, ಬೆನ್ನುಮೂಳೆ ಬಂತು, ಹೊಟ್ಟೆಯೊಳಗಿನ ಕರುಳೂ ಬಂತು. ನಮ್ಮ ಹಿರಿಯರು ಮೀನಿನ ಒಳಗಿರುವುದನ್ನೂ ಸೇರಿಸಿಯೇ ಬರೆಯುತ್ತಿದ್ದರು.

ಅಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಅದೇ. ಅದೇ ಮೀನು ಕಣೇ!"

"ತಾಳು ಅತ್ತೆ." ಕೆರೀನಾ ಕೆಂಪನ್ನು ಇನ್ನೂ ಏರಿಸಿದಳು. ಆ ಮೀನಿನ ಅಡಿಯಲ್ಲಿ ಇನ್ನೊಂದು ಮೀನಿತ್ತು, ಅದರ ಎರಡರಷ್ಟು ದೊಡ್ಡದು. ಅದರಡಿಯಲ್ಲಿ, ತಲೆಗೆ ಗರಿ ಸಿಕ್ಕಿಸಿಕೊಂಡು ಓಡುತ್ತಿರುವ ಜನರ ಸಾಲು, ಗೋಡೆಯ ಅಂಚಿನವರೆಗೂ.

ನಾನು ಪರದೆಯ ಮೇಲೆ ಬೆರಳಿಟ್ಟು ಅವರನ್ನು ಎಣಿಸತೊಡಗಿದೆ.

"ಇವರನ್ನ ನಮ್ಮಪ್ಪನೂ ನೋಡಿರ್ಲಿಲ್ಲ," ಎಂದಳು ಅಮ್ಮ, ಪಿಸುದನಿಯಲ್ಲಿ. ಕೆನ್ನೆಯ ಮೇಲೆ ನೊಣ ಕೂತಿದ್ದರೂ ಓಡಿಸಲಿಲ್ಲ. ಎದ್ದು ಹೋಗಿ ಆ ಬರಿಗಲ್ಲಿನ ಮುಂದೆ ನಿಂತು, ಯಾರಪ್ಪಾ ನೀವು, ಎಲ್ಲಿಗೆ ಓಡ್ತಿದೀರಿ ಎಂದು ವಿಚಾರಿಸತೊಡಗಿದಳು. ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ.

ಹೊರಡುವಾಗ ಕೆರೀನಾಳನ್ನು ಕೇಳಿದೆ: "ಮೊಬೈಲಿಗೆ ಒಂದು ಚಿಕ್ಕ ಜೆಪೆಗ್ ಮಾಡ್ಕೊಡೇ, ಮನೇಲಿ ತೋರಿಸ್ತೀನಿ."

ಅಮ್ಮ ಗಕ್ಕನೆ ತಿರುಗಿದಳು. "ಬೇಡ. ಅದು ಮೊಬೈಲಿಂದ ಮೊಬೈಲಿಗೆ ಹಾರ್ಕೊಂಡು ಯಾರ್‍ಯಾರ ಕೈಗೋ ಹೋಗುತ್ತೆ. ನೋಡ್ಬೇಕು ಅನ್ನೋರು ಇಲ್ಲಿಗೇ ನಡ್ಕೊಂಡು ಬರ್ಲಿ."

ಕಾರ್ಡ್ ತುಂಬಿದ್ದರಿಂದ ಅಂದು ಮುಗಿದದ್ದು ಎರಡೇ ಗೋಡೆ. ಉಳಿದವಕ್ಕಾಗಿ ಮುಂದಿನ ಮಳೆಗೆ ಮೊದಲು ಇನ್ನೂ ಐದು ಸಲ ಬೆಟ್ಟ ಹತ್ತಿದೆವು. ಹೋದಲ್ಲೆಲ್ಲ, ಏನೂ ಕಾಣದ ಗೋಡೆಯ ಮುಂದೆಯೇ ನಾನು ಮೊದಲು ಕ್ಯಾಮೆರಾ ಇಡುತ್ತಿದ್ದೆ.