ಸುಚೇತಾಳ ದನಿ

ಮೂಡಲಗಿಯ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಖೋಲಿಯಲ್ಲಿ ಶ್ರೀಶೈಲನ ಸ್ಟುಡಿಯೋ. ಗೋಡೆಗೆಲ್ಲ ಹಳೆಯ ಗಾದಿ ಬಡಿದಿದ್ದ. ಆದರೂ ಬಸ್ಸಿನ ಹಾರ್ನ್ ಒಳಗೆ ನುಗ್ಗುತ್ತಿತ್ತು. ಅದು ನಿಲ್ಲುವುದನ್ನು ಕಾದು ಕಾದು ಶುಭಾಂಗಿ ಮೊದಲ ನುಡಿ ಹಾಡಿ ಮುಗಿಸುವಾಗ ಮಧ್ಯಾಹ್ನವಾಗಿತ್ತು. ಶ್ರೀಶೈಲ ಕಿವಿಯಿಂದ ಹೆಡ್‌ಫೋನ್ ತೆಗೆದ.

"ಛಲೋ ಐತ್ರಿ ಅಕ್ಕಾರ. ಆದ್ರ ಟಿವ್ಯಾಗಿನ ದನಿಲೆ ಹಾಡ್ರಿ."

"ನನ್ನ ದನಿ ಇದ."

"ಚಾಷ್ಟಿ ಮಾಡಬ್ಯಾಡ್ರಿ."

"ಚಾಷ್ಟಿ ಅಲ್ಲೋ ಮಾರಾಯಾ. ಟಿವ್ಯಾಗ ನಾ ಬರೇ ಬಾಯಿ ತಗೀತಿದ್ನಿ. ಮಾತಾಡಾಕಿ ಬ್ಯಾರೆ."

ಆರು ವರ್ಷ ಅವಳು ಧಾರಾವಾಹಿಯ ಸುಚೇತಾ, ದೊಡ್ಡ ಮನೆಯೊಂದರ ಹಿರಿಯ ಸೊಸೆ. ಬೆಂಗಳೂರಿನಲ್ಲಿ ಚಿತ್ರೀಕರಣದ ಮೊದಲ ದಿನ 'ಮನೆ' ಎನ್ನುವಲ್ಲಿ 'ಮನಿ' ಎಂದಿದ್ದಳು. ಸೆಟ್ಟಿನಲ್ಲಿದ್ದವರು ನಕ್ಕರು. ನಿರ್ದೇಶಕರು ನಗಲಿಲ್ಲ, ಮುಖ ಸಾಕು, ಮಾತಿಗೆ ಬೇರೆಯವರಿದ್ದಾರೆ ಎಂದರು. ಅಂದಿನಿಂದ ಯಾವುದೋ ಹೆಂಗಸಿನ ತೆಳ್ಳನೆಯ, ಪಾಕದಂಥ ದನಿ ಇವಳ ತುಟಿಗೆ ಹೊಂದಿ ಕೂತಿತು. ಆ ಹೆಂಗಸಿನ ಹೆಸರು ಕೂಡ ಶುಭಾಂಗಿಗೆ ಗೊತ್ತಿರಲಿಲ್ಲ. ಶುಭಾಂಗಿಯ ಸ್ವಂತ ದನಿ ದಪ್ಪ. ಕಲ್ಲೋಳಿಯ ಅರಿಷಿಣದ ಹೊಲದಲ್ಲಿ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದದ್ದು.

ಮೂರು ತಿಂಗಳ ಹಿಂದೆ ಸುಚೇತಾಳನ್ನು ಕಾರಿನ ಅಪಘಾತದಲ್ಲಿ ಸಾಯಿಸಿದರು. ಬೇರೆ ಧಾರಾವಾಹಿಯವರು ಯಾರೂ ಕರೆಯಲಿಲ್ಲ. ಎಲ್ಲರಿಗೂ ಅವಳು ಸತ್ತ ಸುಚೇತಾ. ಒಂದೇ ಒಂದು ಹಾಡು ತನ್ನ ಕೊರಳಿನಿಂದ ಹೊರಟು, ಇದು ಶುಭಾಂಗಿಯ ಹಾಡು ಎಂದು ಜನ ಅಂದರೆ ಮುಂದಿನದಕ್ಕೆ ದಾರಿಯಾದೀತು. ಅದೊಂದನ್ನೇ ನಂಬಿಕೊಂಡು ಊರಿಗೆ ಬಂದಿದ್ದಳು.

ಶ್ರೀಶೈಲ ಗದ್ದ ಕೆರೆದುಕೊಂಡ. "ಆತ ಬಿಡ್ರಿ. ಊರ ದನಿ ಊರ ಮಂದಿ ಒಪ್ಪಬೇಕಲಾ. ಹುಕ್ಕೇರಿ ಕಾಲೇಜಿನ ಗ್ಯಾದರಿಂಗಿನ್ಯಾಗ ನೀವ ಹಾಡ್ರಿ, ಅವತ್ತ ಯೂಟ್ಯೂಬಿಗೆ ಬಿಡೂಣು."

ಊರಿನಲ್ಲಿ, ಟಿವಿಯ ದನಿ ಶುಭಾಂಗಿಯದಲ್ಲ ಎಂದು ತಿಳಿದದ್ದು ತಾಯಿ ಜಿನ್ನವ್ವನಿಗೆ ಮಾತ್ರ. ಧಾರಾವಾಹಿ ಶುರುವಾದ ವರ್ಷ ಮಗಳು ರಜೆಗೆ ಬಂದಾಗ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂಡಿ, ಸುಚೇತಾಳ ಹಾಗೆ ಎರಡು ಮಾತಾಡು ಎಂದು ಹಟ ಹಿಡಿದಿದ್ದರು. ಮಗಳು ಬಾಯಿ ತೆರೆಯುವ ಮೊದಲೇ ಜಿನ್ನವ್ವ ಅಡ್ಡ ಬಂದಳು. "ಆಕಿ ಗಂಟಲಾ ಕುಂತೈತ್ರೆವಾ. ಊರ ನೀರ ಆಗವಲ್ದು ಆಕಿಗೆ." ಸೆಟ್ಟಿನಲ್ಲಿ ನಕ್ಕಂತೆ ಇಲ್ಲಿಯೂ ನಕ್ಕಾರು ಎಂಬ ಅಂಜಿಕೆ ಅವಳಿಗೆ. ಆಮೇಲೆ ಪ್ರತಿ ಸಲ ಬಂದಾಗಲೂ ಅದೇ ಮಾತು. ಚಿಕ್ಕಂದಿನ ಅವಳ ದಪ್ಪ ದನಿ ಬೆಂಗಳೂರಿನಲ್ಲಿ ಕಲಿತು ತೆಳ್ಳಗಾಗಿದೆ ಎಂದೇ ಓಣಿಯವರ ನಂಬಿಕೆ. ಬಾಜೂ ಮನೆಯ ಹಣಮವ್ವ ಪ್ರತಿ ಸಲ ಮೆಣಸಿನ ಕಷಾಯ ಕಾಸಿ ತರುವಳು. ಶುಭಾಂಗಿ ಸುಮ್ಮನೆ ಕುಡಿಯುವಳು.

ಕಾಲೇಜಿನ ವಾರ್ಷಿಕೋತ್ಸವದ, ಆ ಗ್ಯಾದರಿಂಗಿನ ದಿನ ಬೆಳಗ್ಗೆ ಶುಭಾಂಗಿ ಸೀರೆಯ ನಿರಿಗೆ ಹಿಡಿಯುತ್ತ, "ಅವ್ವಾ, ಇವತ್ತರ ಮಂದಿಗೆ ಖರೆ ಹೇಳಿಬಿಡೂಣು," ಎಂದಳು.

"ಆರು ವರ್ಷ ಸುಳ್ಳ ಹೇಳ್ಕೋತ ಬಂದಾರ ತಾಯಿ ಮಗಳು ಅಂತಾರ. ನೀ ಹಾಡವಾ. ಕಿವಿ ಇದ್ದವರಿಗೆ ತಾನ ತಿಳೀತೈತಿ."

ಕಲ್ಲೋಳಿಯಿಂದ ಎರಡು ಕ್ರೂಸರ್ ಗಾಡಿ ತುಂಬ ಹೆಂಗಸರು ಹುಕ್ಕೇರಿಗೆ ಹೋದರು. ಕಾಲೇಜಿನ ಅಂಗಳದಲ್ಲಿ ಪೆಂಡಾಲು ಕಿಕ್ಕಿರಿದಿತ್ತು. "ನಿಮ್ಮೆಲ್ಲಾರ ಮನಿ ಸೊಸಿ, ಸುಚೇತಾ ಅಕ್ಕಾ!" ಎಂದು ನಿರೂಪಕ ಕೂಗಿದ. ಸಿಳ್ಳೆ ಬಿದ್ದವು. ಶುಭಾಂಗಿ ಕಣ್ಣು ಮುಚ್ಚಿ ಹಾಡು ಎತ್ತಿಕೊಂಡಳು:

*ಅರಿಷಿಣದ ಹೊಲದಾಗ ಹರಿವ ನೀರ ತಿರುವಾಕಿ*
*ಹೊತ್ತ ಏರಿತಂತ ಹೆದರಾಕಿ ನಾ ಅಲ್ಲ*

ಎರಡು ಸಾಲು ಆಗುವಷ್ಟರಲ್ಲಿ ಪೆಂಡಾಲು ಸುಮ್ಮನಾಯಿತು. ಆಲಿಸುತ್ತಿದ್ದಾರೆ ಎಂದುಕೊಂಡು ಅವಳು ಇನ್ನಷ್ಟು ದನಿ ಬಿಚ್ಚಿ ಹಾಡಿದಳು. ಆಗ ಹೆಂಗಸರ ನಡುವೆ ಹಣಮವ್ವ ಎದ್ದು ನಿಂತಳು.

"ಅಯ್ಯ ಶಿವನ! ಹುಡುಗಿ ಗಂಟಲಾ ಮತ್ತ ಕುಂತೈತ್ರೆ! ಯಾರರ ಬಿಸಿನೀರ ಕೊಡ್ರೆ ಆಕಿಗೆ!"

'ಪಾಪ, ಪಾಪ' ಎನ್ನುವುದು ಸಾಲಿನಿಂದ ಸಾಲಿಗೆ ಹೋಯಿತು. ಯಾರೋ ಟೀಚರು ಫ್ಲಾಸ್ಕು ಹಿಡಿದು ವೇದಿಕೆ ಹತ್ತಿದರು. ತಾಳ ನಿಂತಿತು.

ಶುಭಾಂಗಿ ಮೈಕಿಗೆ ಬಾಯಿ ಹಚ್ಚಿ, "ನಂಗೇನೂ ಆಗಿಲ್ರಿ. ನನ್ನ ದನೀನ ಹಿಂಗ ಐತಿ," ಎಂದಳು.

ಜನ ಪ್ರೀತಿಯಿಂದ ನಕ್ಕರು. "ನೋಡ್ರಿ, ಆರಾಮ ಇಲ್ಲಂದ್ರೂ ಹೆಂಗ ನಗಸ್ತಾರ! ನಮ್ಮ ಸಲುವಾಗಿ ಬಂದಾರ, ಜೋರ ಚಪ್ಪಾಳಿ!" ಎಂದ ನಿರೂಪಕ. ಚಪ್ಪಾಳೆ ನಿಲ್ಲಲೊಲ್ಲದು. ಶುಭಾಂಗಿ ತಾಯಿಯ ಕಡೆ ನೋಡಿದಳು. ಅವಳು ಎದ್ದು ಒಂದು ಮಾತು ಹೇಳಿದ್ದರೆ ಓಣಿಯವರಾದರೂ ನಂಬುತ್ತಿದ್ದರು. ಜಿನ್ನವ್ವ ಬಾಯಿಗೆ ಸೆರಗು ಒತ್ತಿಕೊಂಡು ನೆಲ ನೋಡುತ್ತಿದ್ದಳು.

"ನಮ್ಮ ವಿದ್ಯಾ ಹಾಡ್ಲಿ! ಡಿಟ್ಟೋ ಸುಚೇತಾ!" ಎಂದು ಹುಡುಗಿಯರು ಕೂಗಿದರು. ಮೇಳವಂಕಿಯ ವಿದ್ಯಾ ಬಿ.ಎ. ಎರಡನೇ ವರ್ಷದವಳು, ಸುಚೇತಾಳ ಮಾತು ಅನುಕರಿಸುವುದರಲ್ಲಿ ಇಡೀ ಕಾಲೇಜಿಗೆ ಹೆಸರಾದವಳು. ನಾಚುತ್ತಲೇ ಮೇಲೆ ಬಂದು, ಕೇಳಿದ ಆ ಎರಡು ಸಾಲನ್ನು ತೆಳ್ಳನೆಯ ಪಾಕದ ದನಿಯಲ್ಲಿ ಹಾಡಿದಳು. ಪೆಂಡಾಲು ಎದ್ದು ಕುಣಿಯಿತು. ಶುಭಾಂಗಿ ಕೈಯಲ್ಲಿ ಬಿಸಿನೀರಿನ ಲೋಟ ಹಿಡಿದು ಪಕ್ಕಕ್ಕೆ ನಿಂತಿದ್ದಳು.

ಅವತ್ತೇ ಯೂಟ್ಯೂಬಿಗೆ ಬಿಟ್ಟ ಶುಭಾಂಗಿಯ ಹಾಡಿನ ಕೆಳಗೆ ಜನ ಬರೆದರು: ಇದು ಸುಚೇತಾ ಅಕ್ಕನ ದನಿ ಅಲ್ಲ. ಎಐ ಬಳಸಿ ಮಾಡಿದ್ದಾರೆ. ಪಾಪ, ಆಕೆಯ ಹೆಸರಲ್ಲಿ ಮೋಸ. ಐದನೆಯ ದಿನ ಶ್ರೀಶೈಲ ಹಾಡನ್ನು ತೆಗೆದು ಹಾಕಿ, ಕಲ್ಲೋಳಿಗೆ ಬೈಕಿನ ಮೇಲೆ ಬಂದ.

"ಸಿಟ್ಟ ಆಗಬ್ಯಾಡ್ರಿ ಅಕ್ಕಾರ. ವಿದ್ಯಾನ ಕಡಿಂದ ಹಾಡಿಸೇನಿ. ಕೇಳಿದವ್ರೆಲ್ಲಾ ಇದ ಖರೆ ದನಿ ಅನ್ನಾಕತ್ತಾರ. ವಿಡಿಯೋದಾಗ ಮುಖ ನಿಮ್ಮದ ಇರ್ಲಿ."

"ನಾ ಒಲ್ಲೆ ಅಂದ್ರ?"

"ಅಂದ್ರ... ಮುಖಾ ಬ್ಯಾರೆ ಹುಡಕಬೇಕಾಕ್ಕೈತ್ರಿ."

ಅವನು ಹೋದ ಮೇಲೆ ಜಿನ್ನವ್ವ ಮಗಳ ಬಳಿ ಬಂದು ಕೂತಳು. "ನಾ ಅವತ್ತ ಎದ್ದ ಹೇಳಬೇಕಂದ್ನಿ, ಶುಭಾ. ಕಾಲ ಏಳಲಿಲ್ಲವಾ."

ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಉಣ್ಣಬೇಕಿತ್ತು; ಶುಭಾಂಗಿ ತಾಟು ಹಾಕಿದಳು. ಇಬ್ಬರೂ ಉಂಡರು.

ಮರುವಾರ ಗೋಕಾಕ ಫಾಲ್ಸಿನ ದಂಡೆಯಲ್ಲಿ ಆ ಹಾಡಿನ ಚಿತ್ರೀಕರಣ; ಶುಭಾಂಗಿ ಒಲ್ಲೆ ಅನ್ನಲಿಲ್ಲ. ವಿದ್ಯಾ ತಾನಾಗಿಯೇ ಬಂದಿದ್ದಳು, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು. ಶುಭಾಂಗಿಯ ಸೆರಗು ಸರಿಪಡಿಸುತ್ತ ಮೆಲ್ಲಗೆ ಕೇಳಿದಳು:

"ಅಕ್ಕಾರ, ಹಾಡಿನ ಕೆಳಗ ನನ್ನ ಹೆಸರ ಹಾಕ್ತಾರೇನ್ರಿ? ನಮ್ಮಪ್ಪಗ ತೋರಸಬೇಕಿತ್ರಿ."

ಶ್ರೀಶೈಲ ಶುಭಾಂಗಿಯ ಮುಖ ನೋಡಿದ. ವಿದ್ಯಾಳೂ ನೋಡಿದಳು. ಶುಭಾಂಗಿ ಹಾಕೋ ಎಂದರೆ ಅವನು ಹಾಕುತ್ತಿದ್ದ. ಹಾಕಿದರೆ ಈ ಹಾಡೂ ಅವಳದಾಗಿ ಉಳಿಯುತ್ತಿರಲಿಲ್ಲ. ಶುಭಾಂಗಿ ಬಳೆ ಹಿಂದೆ ಸರಿಸಿ, "ಬಿಸಲ ಏರಾಕತ್ತೈತಿ, ಶುರು ಮಾಡ್ರಿ," ಎಂದಳು.

"ಆಮ್ಯಾಲ ನೋಡೂಣಂತ ತಂಗಿ, ಸ್ವಲ್ಪ ಹಿಂದ ಸರಿ, ಫ್ರೇಮಿನ್ಯಾಗ ಬರ್ತಿ," ಎಂದ ಶ್ರೀಶೈಲ.

ವಿದ್ಯಾ ಬಂಡೆಯ ಹಿಂದೆ ಸರಿದಳು. ಸ್ಪೀಕರಿನಿಂದ ಅವಳ ದನಿ ಹೊರಟಿತು. ಶುಭಾಂಗಿಯ ತುಟಿ ಒಂದು ಅಕ್ಷರವೂ ತಪ್ಪಲಿಲ್ಲ. ಒಂದೇ ಟೇಕಿಗೆ ಮುಗಿಯಿತು.