ಒತ್ತಿ ಹಿಡಿಯುವ ಸ್ವಿಚ್ಚು

ಹಾರ್ಡ್‌ವೇರ್ ಅಂಗಡಿಯ ಒಡತಿಯನ್ನು ಎಲ್ಲರೂ ಅಂಗಡಿ ಅಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಬಿಟ್ಟುಹೋದ ಅಂಗಡಿ ಅದು. ಅಲ್ಲಿ ಮೊಳೆಯಿಂದ ಹಿಡಿದು ಮರ ಕೊಯ್ಯುವ ಮಷೀನಿನವರೆಗೆ ಎಲ್ಲವೂ ಸಿಗುತ್ತಿತ್ತು, ಅಕ್ಕನ ಉಪದೇಶ ಪುಕ್ಕಟೆ ಸಿಗುತ್ತಿತ್ತು. ಗಿರಾಕಿ ಕೇಳಿದ್ದನ್ನು ತೆಪ್ಪಗೆ ಕಟ್ಟಿಕೊಡುವ ಜಾಯಮಾನ ಅವಳದಲ್ಲ. ಯಾವ ಕೆಲಸಕ್ಕೆ, ಎಷ್ಟು ಸಲ ಓಡಿಸ್ತೀರಿ, ಹಿಡಿಯೋರು ಯಾರು, ಇಷ್ಟನ್ನು ಕೇಳದೆ ಅವಳು ಯಾವ ಮಷೀನನ್ನೂ ಕಪಾಟಿನಿಂದ ಇಳಿಸುತ್ತಿರಲಿಲ್ಲ. "ಇವಳೇನು ಮಷೀನ್ ಮಾರ್ತಾಳಾ, ಹೆಣ್ಣು ಕೊಡ್ತಾಳಾ" ಎಂದು ಬಡಗಿಗಳು ಆಡಿಕೊಂಡು ನಗುತ್ತಿದ್ದರು.

ಆ ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಡ್ರೈವರ್ ಮಾವ ಹೆಂಡತಿಯ ಜೊತೆ ಮೆಟ್ಟಿಲು ಹತ್ತಿ ಬಂದಾಗ ಅಕ್ಕನಿಗೆ ಮನಸಾರೆ ಖುಷಿಯಾಯಿತು. ಶಾಲೆಯ ಬಸ್ಸು ಓಡಿಸುವ ಮನುಷ್ಯ ಅವರು. ಮಕ್ಕಳು ಮಾವ ಎಂದು ಕರೆದೂ ಕರೆದೂ ದೊಡ್ಡವರಿಗೂ ಮಾವನೇ ಆಗಿಬಿಟ್ಟಿದ್ದರು. ಅಕ್ಕನ ಮಗಳು ಪುಟ್ಟಿಯನ್ನು ನಾಲ್ಕು ವರ್ಷದಿಂದ ದಿನವೂ ಹತ್ತಿಸಿಕೊಂಡು, ಕಲ್ಲುಕ್ವಾರಿಯ ಪಕ್ಕದ ಕಡಿದಾದ ಇಳಿಜಾರು ಇಳಿಸಿ ಶಾಲೆ ಮುಟ್ಟಿಸುತ್ತಿದ್ದವರು ಅವರೇ. ಆ ಇಳಿಜಾರಿನ ಒಂದು ಕಡೆ ಗೋಡೆಯೂ ಇಲ್ಲ, ಬೇಲಿಯೂ ಇಲ್ಲ. ಆದರೂ ಮಾವನ ಕೈಯಲ್ಲಿ ಬಸ್ಸು ಇದೆ ಎಂದಮೇಲೆ ಅಕ್ಕ ಅದರ ಯೋಚನೆಯನ್ನೇ ಮಾಡಿದವಳಲ್ಲ.

"ಮರ ಉಜ್ಜೋ ಬೆಲ್ಟ್ ಸ್ಯಾಂಡರ್ ಒಂದು ಬೇಕಿತ್ತು ಕಣಮ್ಮ," ಎಂದರು ಮಾವ. "ಮನೇಲಿ ಎರಡು ಬಾಗಿಲು ಚೌಕಟ್ಟಿಗೆ ಉಜ್ತಾ ಇವೆ. ಊಟದ ಟೇಬಲ್ ಮೇಲೆಲ್ಲ ಗೀರು. ತಿಂಗಳಿಗೆ ಒಂದು ಸಲ ಓಡಿಸಿದ್ರೆ ಹೆಚ್ಚು. ಜೇಬಿಗೂ ಹಗುರ ಇರ್ಬೇಕು, ಬಾಳಿಕೆನೂ ಬರ್ಬೇಕು."

"ಅಯ್ಯೋ, ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?" ಅಕ್ಕ ನಕ್ಕಳು. "ಇಷ್ಟು ವರ್ಷ ಉಪ್ಪುಕಾಗದ ಹಿಡ್ಕೊಂಡು ಗಂಟೆಗಟ್ಟಲೆ ಉಜ್ತಿದ್ರಿ. ಮಷೀನಲ್ಲಿ ಉಜ್ಜೋನು ಸೋಮಾರಿ ಅಂತ ನನ್ನ ಗಿರಾಕಿಗಳ ಮುಂದೇನೇ ಹೇಳಿ ವ್ಯಾಪಾರ ಕೆಡಿಸಿದವರು ನೀವು!"

ಮಾವ ನಗಲಿಲ್ಲ. ಅವರ ಹೆಂಡತಿ ಗಡಿಬಿಡಿಯಲ್ಲಿ "ವಯಸ್ಸಾಯ್ತಲ್ಲ ಕಣೇ, ತೋಳು ನೋಯುತ್ತಂತೆ" ಎಂದರು. ಗಂಡನ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡಿತ್ತು, ಮಾತಾಡುತ್ತಲೇ ಅದನ್ನು ಹಾಕಿದರು. ಅಷ್ಟು ದೊಡ್ಡ ಮನುಷ್ಯ ಅಂಗಡಿ ನಡುವೆ ಮಗುವಿನಂತೆ ಕತ್ತೆತ್ತಿ ನಿಂತಿದ್ದು ಅಕ್ಕನಿಗೆ ಒಂದಿಷ್ಟು ವಿಚಿತ್ರ ಅನ್ನಿಸಿತು.

ಅವಳು ಮೂರು ಮಷೀನು ಇಳಿಸಿದಳು. ದೊಡ್ಡ ಕಪ್ಪನೆಯದನ್ನು ಮೊದಲೇ ಪಕ್ಕಕ್ಕೆ ಸರಿಸಿದಳು. ಅದು ದಿನವಿಡೀ ದುಡಿಯುವ ಬಡಗಿಗೆ ಸರಿ, ಎತ್ತುವಷ್ಟರಲ್ಲಿ ಸೊಂಟ ಹೋಗುತ್ತದೆ. ಕೆಂಪನೆಯದು ಎಲ್ಲಕ್ಕಿಂತ ಅಗ್ಗ. ಅದರ ಬೆಲ್ಟು ಓಡುತ್ತಾ ಓಡುತ್ತಾ ಒಂದು ಬದಿಗೆ ಜಾರುತ್ತದೆ, ವರ್ಷ ತುಂಬುವಷ್ಟರಲ್ಲಿ ಬೇರಿಂಗು ಕೂಗಲು ಶುರುಮಾಡುತ್ತದೆ. ತಗೊಂಡವರಲ್ಲಿ ಅರ್ಧಕ್ಕರ್ಧ ಜನ ಅದನ್ನು ವಾಪಸು ತಂದು ಅವಳ ತಲೆ ತಿಂದಿದ್ದರು.

"ನಿಮಗೆ ಇದು," ಎಂದು ನೀಲಿ ಮಷೀನನ್ನು ಮುಂದೆ ತಳ್ಳಿದಳು. "ಸ್ವಲ್ಪ ಜಾಸ್ತಿ ಬೀಳುತ್ತೆ, ಆದ್ರೆ ಮೂರು ಇಂಚಿನ ಬೆಲ್ಟು, ಯಾವ ಅಂಗಡೀಲಾದ್ರೂ ಸಿಗುತ್ತೆ. ವೇಗ ಹೆಚ್ಚು ಕಮ್ಮಿ ಮಾಡ್ಕೋಬಹುದು. ಮೋಟಾರಿನ ಕಾರ್ಬನ್ ಬ್ರಷ್ ಸವೆದ್ರೆ ನೀವೇ ಬದಲಾಯಿಸ್ಬಹುದು. ತಿಂಗಳಿಗೊಂದು ಸಲ ಓಡಿಸೋರಿಗೆ ಇದು ಸಾಯೋದೇ ಇಲ್ಲ."

ಅಂಗಡಿಯ ಹಿಂಬದಿಯಲ್ಲಿ ಒಂದು ಹಳೆಯ ಹಲಗೆಯನ್ನು ಮೇಜಿಗೆ ಬಿಗಿದಿಟ್ಟಿದ್ದಳು, ಗಿರಾಕಿಗಳು ಓಡಿಸಿ ನೋಡಲಿ ಎಂದು. ಮಾವ ಮಷೀನಿನ ಹಿಂದಿನ ಹಿಡಿಯನ್ನು ಬಲಗೈಯಲ್ಲಿ, ಮುಂದಿನ ಗುಬುಟನ್ನು ಎಡಗೈಯಲ್ಲಿ ಹಿಡಿದರು. ಹಿಡಿಯ ಒಳಬದಿಯ ಸ್ವಿಚ್ಚನ್ನು ತೋರುಬೆರಳಿನಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಬೆಲ್ಟು ಓಡುತ್ತದೆ, ಬೆರಳು ಬಿಟ್ಟರೆ ನಿಲ್ಲುತ್ತದೆ. ಮಷೀನು ಗುರ್ರೆಂದಿತು. ಒಂದು ಗೇಣು ಮುಂದೆ ಹೋಗಿ ನಿಂತಿತು. ಮತ್ತೆ ಗುರ್ರೆಂದಿತು, ಮತ್ತೆ ನಿಂತಿತು.

"ಏನೋ ದೋಷ ಇದೆಯಲ್ಲಮ್ಮ ಇದ್ರಲ್ಲಿ," ಎಂದರು ಮಾವ.

ಅಕ್ಕ ಪ್ಲಗ್ಗನ್ನು ಕಿತ್ತು ಮತ್ತೆ ಹಾಕಿದಳು. ತಾನೇ ಹಿಡಿದು ಹಲಗೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಿಸಿದಳು. ಎಲ್ಲೂ ತಡೆಯಲಿಲ್ಲ. ಮತ್ತೆ ಮಾವನ ಕೈಗೆ ಕೊಟ್ಟು, ಈ ಸಲ ಹಲಗೆ ನೋಡದೆ ಕೈ ನೋಡಿದಳು. ತೋರುಬೆರಳು ಸ್ವಿಚ್ಚಿನ ಮೇಲಿಂದ ಮೆಲ್ಲಗೆ ಜಾರಿ ಕೆಳಗೆ ಬಂತು. ಅದು ಜಾರಿದ್ದು ಮಾವನಿಗೆ ತಿಳಿಯಲಿಲ್ಲ. ಅವರ ಕಣ್ಣು ಹಲಗೆಯ ಮೇಲೆಯೇ ಇತ್ತು.

"ನೋಡು, ಮತ್ತೆ ನಿಂತೋಯ್ತು," ಎಂದರು. "ನಾನು ಒತ್ತೇ ಹಿಡಿದಿದೀನಿ."

ಮಾವನ ಹೆಂಡತಿ ಅಷ್ಟರಲ್ಲಿ ಕೆಂಪು ಮಷೀನನ್ನು ಎತ್ತಿಕೊಂಡು ಬಂದಿದ್ದರು. "ಇದರಲ್ಲಿ ಲಾಕ್ ಇದೆಯಂತಲ್ಲ? ಒಂದು ಸಲ ಒತ್ತಿ ಪಕ್ಕದ ಗುಂಡಿ ಅದುಮಿದ್ರೆ ತಾನೇ ಓಡ್ತಾ ಇರುತ್ತಂತೆ. ಅದೇ ಕೊಡು." ಮಷೀನಿನ ಬಗ್ಗೆ ಅವರು ಇಷ್ಟು ವಿಚಾರಿಸಿಕೊಂಡು ಬಂದಿದ್ದಾರೆ ಎಂದು ಅಕ್ಕ ಅಂದುಕೊಂಡಿರಲಿಲ್ಲ.

ಮಾವ ಅದನ್ನು ಹಿಡಿದರು, ಸ್ವಿಚ್ಚು ಒತ್ತಿದ್ದೂ ಲಾಕಿನ ಗುಂಡಿ ಅದುಮಿದ್ದೂ ಹೆಂಡತಿಯೇ. ಕೆಂಪು ಮಷೀನು ಅರಚುತ್ತಾ ಹಲಗೆಯ ಮೇಲೆ ಓಡತೊಡಗಿತು. ಬೆಲ್ಟು ಎಂದಿನಂತೆ ಬದಿಗೆ ಜಾರಿತು, ಮಷೀನು ಓರೆಯಾಗಿ ಹಲಗೆಯ ಅಂಚಿನತ್ತ ಹೊರಟಿತು. ಲಾಕು ಬಿಡಿಸಬೇಕಾದರೆ ಸ್ವಿಚ್ಚನ್ನು ಇನ್ನೊಂದು ಸಲ ಜೋರಾಗಿ ಒತ್ತಬೇಕು. ಮಾವ ಒತ್ತುತ್ತಿದ್ದರು, ಅಥವಾ ಒತ್ತುತ್ತಿದ್ದೇನೆ ಎಂದುಕೊಂಡಿದ್ದರು. ಮಷೀನು ನಿಲ್ಲಲಿಲ್ಲ. ಅದು ಅವರನ್ನೇ ಎಳೆದುಕೊಂಡು ಮೇಜಿನ ತುದಿಗೆ ಬಂತು. ಅಕ್ಕ ನುಗ್ಗಿ ಪ್ಲಗ್ಗು ಕಿತ್ತಳು.

ಅಂಗಡಿ ತುಂಬ ಮರದ ಧೂಳು ತೇಲುತ್ತಿತ್ತು. ಮಾವ ಹಣೆ ಒರೆಸಿಕೊಂಡು "ಇದೇ ಇರಲಿ" ಎಂದರು.

"ಮಾವ, ಬಾಳಿಕೆ ಬರೋದು ಬೇಕು ಅಂದ್ರಲ್ಲ. ಇದು ವರ್ಷಾನೂ ಬರಲ್ಲ. ನಾನೇ ಹೇಳ್ತಿದೀನಿ."

"ವರ್ಷ ಸಾಕು ಬಿಡಮ್ಮ."

ಒಂದು ತಿರುಪು ಕೊಳ್ಳುವಾಗಲೂ ಹತ್ತು ಸಲ ತಿರುಗಿಸಿ ನೋಡುತ್ತಿದ್ದ ಮನುಷ್ಯನ ಮಾತು ಅದು. ಅಕ್ಕ ಅವರ ಹೆಂಡತಿಯ ಮುಖ ನೋಡಿದಳು. ಆ ಕಣ್ಣುಗಳು "ಬೇಡ, ಕೇಳಬೇಡ" ಎಂದು ಅಂಗಲಾಚುತ್ತಿದ್ದವು. ಕೇಳಬೇಕಾದ ಹೊತ್ತು ಅದೇ ಆಗಿತ್ತು. ಬಡಗಿಗಳನ್ನು ಅಷ್ಟು ಕಾಡಿಸುತ್ತಿದ್ದ ಬಾಯಿ ಅವತ್ತು ಬಿದ್ದುಹೋಗಿತ್ತು. ಹೋದ ವರ್ಷ ಪುಟ್ಟಿಗೆ ಬಸ್ಸಿನಲ್ಲೇ ಜ್ವರ ಏರಿದಾಗ ಮಗುವನ್ನು ಹೆಗಲಿಗೆ ಹಾಕಿಕೊಂಡು ಮನೆತನಕ ತಂದವರು ಇವರು. ಒಂದು ಬೆರಳು ಜಾರಿತೆಂದು ಅಂಥವರ ಅನ್ನಕ್ಕೆ ಕಲ್ಲು ಹಾಕುವುದೇ? ಅಕ್ಕ ಕೆಂಪು ಮಷೀನನ್ನು ಡಬ್ಬಕ್ಕೆ ಹಾಕಿ, ಎರಡು ಬೆಲ್ಟು ಜೊತೆಗಿಟ್ಟು, ದಾರ ಕಟ್ಟಿ ಕೊಟ್ಟಳು. ಡಬ್ಬವನ್ನು ಹೆಂಡತಿ ಹೊತ್ತರು.

ಅವರು ರಸ್ತೆ ದಾಟಿ ಹೋಗುವುದನ್ನು ನೋಡುತ್ತಾ ನಿಂತವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಬೆರಳು ಬೇರೆ, ಬಸ್ಸು ಬೇರೆ ಎಂದು ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಒಬ್ಬ ಗಿರಾಕಿ ಬಾಗಿಲ ಚಿಲಕ ಕೇಳಿದರೆ ಅವಳು ಕೀಲು ಕೊಟ್ಟು ಕಳಿಸಿದಳು.

ಸಂಜೆ ಪುಟ್ಟಿ ಬ್ಯಾಗು ಎಸೆದು ಹಾಲು ಕುಡಿಯುತ್ತಿದ್ದಾಗ ಅಕ್ಕ ಹಗುರವಾಗಿ ಕೇಳಿದಂತೆ ಕೇಳಿದಳು: "ಡ್ರೈವರ್ ಮಾವ ಹೆಂಗಿದಾರೆ? ಬಸ್ಸು ಚೆನ್ನಾಗಿ ಓಡಿಸ್ತಾರಾ?"

"ಓ! ನಾವೂ ಓಡಿಸ್ತೀವಿ," ಎಂದಳು ಪುಟ್ಟಿ.

"ನಾವು ಅಂದ್ರೆ?"

ಪುಟ್ಟಿ ನಾಲಿಗೆ ಕಚ್ಚಿಕೊಂಡಳು. ಹೇಳುವ ಹಾಗಿಲ್ಲವಂತೆ, ಬಸ್ಸಿನ ಗುಟ್ಟಂತೆ. ಆದರೆ ಎಂಟು ವರ್ಷದ ಹೊಟ್ಟೆಯಲ್ಲಿ ಗುಟ್ಟು ಎಷ್ಟು ಹೊತ್ತು ನಿಂತೀತು? ಮೂಲೆಯಲ್ಲಿದ್ದ ಕೊಡೆಯನ್ನು ತಂದು ಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡಳು. ಮುಂದಿನ ಸೀಟಲ್ಲಿ ಕೂತವರಿಗೆ ಗೇರು ಹಾಕುವ ಕೆಲಸ. ದಿನಕ್ಕೊಬ್ಬರ ಪಾಳಿ. ಮಾವ ಎಡಗೈಯಲ್ಲಿ ಸ್ಟೀರಿಂಗ್ ಹಿಡಿದಿರುತ್ತಾರೆ, ಅದನ್ನು ಬಿಡುವ ಹಾಗಿಲ್ಲ.

"ಬಲಗೈ?"

"ಅದು ತೊಡೆ ಮೇಲಿರುತ್ತೆ. ಅದಕ್ಕೆ ನಿದ್ದೆ ಬಂದಿದೆ ಅಂತಾರೆ ಮಾವ. ಅವರು ಒಂದು ಅಂದ್ರೆ ಹೀಗೆ ಮುಂದಕ್ಕೆ ನೂಕ್ಬೇಕು, ಎರಡು ಅಂದ್ರೆ ಹೀಗೆ ಹಿಂದಕ್ಕೆ ಎಳೀಬೇಕು." ಕೊಡೆಯನ್ನು ಎಳೆದು ತೋರಿಸಿದಳು. "ಇಳಿಜಾರಲ್ಲಿ ಮಾತ್ರ ಎರಡು ಬೀಳೋದೇ ಇಲ್ಲಮ್ಮ, ಎರಡೂ ಕೈಲಿ ಎಳೀಬೇಕು. ನಿನ್ನೆ ನನ್ನ ಪಾಳಿ. ಎಷ್ಟು ಎಳೆದ್ರೂ ಬೀಳ್ಲಿಲ್ಲ."

"ಆಮೇಲೆ?"

"ಆಮೇಲೆ ಬಸ್ಸು ಜೋರಾಗಿ ಹೋಯ್ತು. ಎಲ್ಲರೂ ಹೋ ಅಂತ ಕೂಗಿದ್ವಿ, ಮಜಾ ಬಂತು. ಮಾವ ಮಾತ್ರ ಬೆವೆತುಬಿಟ್ಟಿದ್ರು."

ಅಕ್ಕನಿಗೆ ಮಗಳನ್ನು ಬೈಯಲೂ ಆಗಲಿಲ್ಲ, ತಬ್ಬಿಕೊಳ್ಳಲೂ ಆಗಲಿಲ್ಲ. ಶಾಲೆಗೆ ಫೋನು ಮಾಡಿದಳು. ಆಫೀಸು ಮುಚ್ಚಿತ್ತು, ಗಂಟೆ ಸುಮ್ಮನೆ ಬಾರಿಸಿಕೊಂಡು ನಿಂತಿತು. ಮಾವನ ಮನೆಗೆ ಮಾಡಿದಳು. ಎತ್ತಿದ್ದು ಅವರ ಹೆಂಡತಿ. ಹಿಂದೆ ಕೆಂಪು ಮಷೀನು ಅರಚುವುದು ಕೇಳುತ್ತಿತ್ತು.

"ಅತ್ತೆ, ಮಾವನ್ನ ನಾಳೆ ಬಸ್ಸು ಹತ್ತೋಕೆ ಬಿಡ್ಬೇಡಿ."

"ಇನ್ನು ಮೂರೇ ವಾರ ಕಣೇ," ಎಂದರು ಅವರು, ದನಿ ತಗ್ಗಿಸಿ. "ರಜೆ ಬಂದ ತಕ್ಷಣ ದೊಡ್ಡ ಡಾಕ್ಟರಿಗೆ ತೋರಿಸ್ತೀವಿ. ಕೈಗೆ ಅಭ್ಯಾಸ ಆದ್ರೆ ಸರಿಹೋಗುತ್ತೆ ಅಂತ ಇವರೇ ಮಷೀನ್ ತರಿಸಿದ್ದು. ಇಷ್ಟು ವರ್ಷದಲ್ಲಿ ಒಂದು ಮಗುಗೂ ಗೀರು ಬಿದ್ದಿಲ್ಲ. ನೀನು ಬಾಯಿಬಿಟ್ರೆ ಆ ಮನುಷ್ಯ ಉಳಿಯಲ್ಲ."

"ಮಕ್ಕಳು ಉಳೀಬೇಕಲ್ಲ ಅತ್ತೆ!"

ಫೋನು ಇಟ್ಟ ಸದ್ದು ಕೇಳಿಸಿತು.

ಮರುದಿನ ಅಕ್ಕ ಪುಟ್ಟಿಯನ್ನು ಅಜ್ಜಿಯ ಹತ್ತಿರ ಬಿಟ್ಟು ಒಬ್ಬಳೇ ಸ್ಟಾಪಿಗೆ ಬಂದಳು. ಅವರ ಸ್ಟಾಪು ಇಳಿಜಾರಿನ ನೆತ್ತಿಯಲ್ಲಿತ್ತು, ಅಲ್ಲಿಂದ ಮುಂದೆ ರಸ್ತೆ ಮುಗ್ಗರಿಸಿದಂತೆ ಕೆಳಗೆ ಬೀಳುತ್ತಿತ್ತು. ಶಾಲೆಯಲ್ಲಿ ಇನ್ನೂ ಯಾರೂ ಫೋನು ಎತ್ತಿರಲಿಲ್ಲ. ಉಳಿದ ತಾಯಂದಿರು ಮಕ್ಕಳ ಕೈ ಹಿಡಿದು ಹರಟುತ್ತಾ ನಿಂತಿದ್ದರು. "ಇವತ್ತು ಯಾರನ್ನೂ ಹತ್ತಿಸ್ಬೇಡಿ" ಎಂದು ಅಕ್ಕ ಅಂದಾಗ "ಯಾಕೆ, ನಿಮ್ಮ ಪುಟ್ಟಿ ಬಂದಿಲ್ಲ ಅಂತಾನಾ?" ಎಂದು ಒಬ್ಬಳು ನಕ್ಕಳು. ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ಕಾಣಿಸಿತು. ಅಕ್ಕ ರಸ್ತೆಯ ಬದಿಯಲ್ಲಿ ನಿಲ್ಲಲಿಲ್ಲ, ನಡುವೆ ಹೋಗಿ ನಿಂತಳು.

ಬಸ್ಸು ದಿನಾ ನಿಲ್ಲುವ ಜಾಗದಲ್ಲಿ ನಿಲ್ಲಲಿಲ್ಲ. ಅಲ್ಲಿಂದ ಇನ್ನಷ್ಟು ಮುಂದೆ ಬಂತು, ಅಕ್ಕನ ಹೊಟ್ಟೆಗೆ ಒಂದು ಮೊಳ ಇರುವಾಗ ನಿಂತಿತು. ಮುಂದಿನ ಗಾಲಿಗಳು ಆಗಲೇ ಇಳಿಜಾರಿಗೆ ಬಾಗಿದ್ದವು. ಅವಳು ಸುತ್ತಿ ಓಡಿ ಬಾಗಿಲು ಹತ್ತಿದಳು. ಒಳಗೆ ಮೂವತ್ತಕ್ಕೂ ಹೆಚ್ಚು ಮಕ್ಕಳು, ಕಿವಿಗಡಚಿಕ್ಕುವ ಗದ್ದಲ.

"ಎಲ್ಲರೂ ಇಳೀರಿ! ಹಿಂದಿನ ಬಾಗಿಲಿಂದ, ಒಬ್ಬೊಬ್ಬರೇ, ಓಡ್ಬೇಡಿ. ಬೇಗ!"

ಮಾವ ಅಡ್ಡ ಮಾತಾಡಲಿಲ್ಲ. ಎಡಗೈ ಸ್ಟೀರಿಂಗಿನ ಮೇಲೆ, ಬಲಗೈ ತೊಡೆಯ ಮೇಲೆ, ಕಣ್ಣು ನೇರ ರಸ್ತೆಯ ಮೇಲೆ. ಮುಖ ಸುಣ್ಣದಂತೆ ಬಿಳುಚಿತ್ತು. ಮಕ್ಕಳು ಗೊಣಗುತ್ತಾ, ತಳ್ಳಾಡುತ್ತಾ ಇಳಿಯತೊಡಗಿದರು. ಮುಂದಿನ ಸೀಟಿನಲ್ಲಿ ಎರಡು ಜಡೆಯ ಒಂದು ಹುಡುಗಿ ಮಾತ್ರ ಅಲ್ಲಾಡಲಿಲ್ಲ. ಅವಳು ಸೀಟಿನಿಂದ ಅರ್ಧ ಎದ್ದು, ಪಕ್ಕದ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಿದ್ದಳು. ಗೆಣ್ಣುಗಳು ಬೆಳ್ಳಗಾಗಿದ್ದವು.

"ನೀನೂ ಇಳಿ ಪುಟ್ಟಾ."

"ನಾನು ಇಳಿಯೋ ಹಾಗಿಲ್ಲ ಆಂಟಿ," ಎಂದಳು ಹುಡುಗಿ, ಜವಾಬ್ದಾರಿಯ ಗತ್ತಿನಲ್ಲಿ. "ಇದು ಕಟಕ್ ಅನ್ನೋವರೆಗೂ ಎಳೆಯೋಕೆ ನಂಗೆ ಬರಲ್ಲ. ಹಿಡ್ಕೊಂಡೇ ಇರ್ಬೇಕು. ಬಿಟ್ರೆ ಬಸ್ಸು ಹೋಗುತ್ತಂತೆ."

ಅಕ್ಕ ಬಗ್ಗಿ ಆ ಪುಟ್ಟ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟಳು. ಬಸ್ಸು ಮೆಲ್ಲಗೆ, ಒಂದು ಬೆರಳಿನಷ್ಟು, ಮುಂದಕ್ಕೆ ಸರಿಯಿತು.

"ಮಾವ, ಬ್ರೇಕ್ ತುಳೀರಿ!"

"ಬೇಗ ಎಳಿ ತಾಯಿ," ಎಂದರು ಮಾವ, ರಸ್ತೆಯಿಂದ ಕಣ್ಣು ಕೀಳದೆ. "ಪೆಡಲ್ ಮೇಲೆ ನನ್ನ ಕಾಲು ಇದೆಯೋ ಇಲ್ವೋ, ನಂಗೆ ಗೊತ್ತಾಗ್ತಿಲ್ಲ."

ಅಕ್ಕ ಮಗುವಿನ ಕೈಗಳ ಸಮೇತ ಬ್ರೇಕನ್ನು ಹಿಡಿದು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದಳು. ಹಿಂದೆ ಇನ್ನೂ ಹನ್ನೊಂದು ಮಕ್ಕಳು ಇಳಿಯುವುದಿತ್ತು.